ಎಡಗೈ ಛಾಪ

ನಾನು ಎಡಚಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಬರುವ ನನ್ನ ಸಿಟ್ಟಿನಲ್ಲಿ ಮುಕ್ಕಾಲು ಪಾಲು ಅಲ್ಲಿಂದಲೇ ಹುಟ್ಟಿದ್ದು. ಮಸ್ಕಿಯ ಶಾಲೆಯಲ್ಲಿ ಮೂರನೆಯ ಇಯತ್ತೆಯವರೆಗೆ ನನ್ನ ಎಡಗೈ ಬೆರಳುಗಳ ಮೇಲೆ ಬಿದ್ದ ಏಟುಗಳಿಗೆ ಲೆಕ್ಕವಿಲ್ಲ. ಒಂದು ದಿನ ನನ್ನ ಅಜ್ಜಿ ಅಮರಮ್ಮ (ನಾವು ಆಯಿ ಅನ್ನುತ್ತೇವೆ) ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನೇರವಾಗಿ ಕ್ಲಾಸಿನೊಳಕ್ಕೇ ಬಂದಳು.

"ಮಾಸ್ತರ, ಆ ಕೈ ಮುಟ್ಟಬ್ಯಾಡ್ರಿ. ಅದು ನಮ್ಮವ್ವನ ಕೈ. ಅರ್ಧ ಮಸ್ಕಿ ಆ ಕೈಯಾಗ ಹುಟ್ಟೈತಿ," ಅಂದಳು.

ಮಾಸ್ತರು ನಕ್ಕರು. ಆದರೆ ಆಮೇಲೆ ಹೊಡೆಯಲಿಲ್ಲ. ಅವರೂ ಮಸ್ಕಿಯಲ್ಲೇ ಹುಟ್ಟಿದವರು.

ಆಯಿಯ ತಾಯಿ ಹುಲಿಗೆವ್ವ ಸೂಲಗಿತ್ತಿ. ಆಯಿ ಅವಳ ಒಬ್ಬಳೇ ಕೂಸು. ನಮ್ಮ ಕೇರಿಯವರು ಯಾವ ಮನೆಗಳ ಹೊಸ್ತಿಲು ದಾಟುವಂತಿರಲಿಲ್ಲವೋ ಆ ಮನೆಗಳ ಒಳಕೋಣೆಯವರೆಗೂ ಅವಳಿಗೆ ದಾರಿ ಇತ್ತು, ಹೆರಿಗೆ ನೋವು ಶುರುವಾದಾಗ ಮಾತ್ರ. ಐದನೆಯ ದಿನ, ತಾಯಿ ಕೂಸು ಇಬ್ಬರೂ ಗಟ್ಟಿಯಾಗಿದ್ದಾರೆ ಎಂದು ಖಾತ್ರಿಯಾದ ಮೇಲೆ, ಅವಳು ಎಡಗೈಯನ್ನು ಕೆಮ್ಮಣ್ಣಿನ ರಾಡಿಯಲ್ಲಿ ಅದ್ದಿ ಬಾಣಂತಿ ಕೋಣೆಯ ಗೋಡೆಗೆ ಒತ್ತುತ್ತಿದ್ದಳು. ನನ್ನ ಕೆಲಸ ಮುಗಿಯಿತು, ಇನ್ನು ಕೂಸು ನಿಮ್ಮದು ಎಂದು ಅದರ ಅರ್ಥ. ಆ ಹಸ್ತವನ್ನು ಯಾರೂ ಒರೆಸುವಂತಿರಲಿಲ್ಲ. ಒರೆಸಿದರೆ ಕೂಸಿಗೆ ಆಗಿಬರುವುದಿಲ್ಲ, ಅದು ತಾನಾಗಿಯೇ ಉದುರಬೇಕು. ಅವಳು ಬಂದುಹೋದ ಮೇಲೆ ಮನೆಯೆಲ್ಲ ನೀರು ಹೊಡೆದು ತೊಳೆಯುತ್ತಿದ್ದವರೂ ಆ ಗೋಡೆಗೆ ಮಾತ್ರ ಒಂದು ಹನಿ ಸೋಕಿಸುತ್ತಿರಲಿಲ್ಲವಂತೆ.

ಬಜೆ, ಜಾಯಿಕಾಯಿ, ಅಳಲೆಕಾಯಿ ಮತ್ತೆ ಇನ್ನೇನೋ ನಾಲ್ಕು ಬೇರು ಸೇರಿಸಿ ಅವಳು ಕೂಸುಗಳಿಗೆ ಗುಟ್ಟಿ ಮಾಡುತ್ತಿದ್ದಳು. ಹೊಟ್ಟೆನೋವಿಗೆ, ರಾತ್ರಿಯ ಅಳುವಿಗೆ ಅದೊಂದೇ ಮದ್ದು. ಆಯಿಗೆ ಐದು ವರ್ಷವಾಗಿದ್ದಾಗ ಕಾಲರಾದಲ್ಲಿ ಹುಲಿಗೆವ್ವ ಹೋದಳು. ತಾಯಿಯ ಮುಖ ಆಯಿಗೆ ನೆನಪಿಲ್ಲ. ನೆನಪಿರುವುದು ಎಡ ಮಣಿಕಟ್ಟಿನ ಒಳಬದಿಗೆ ಹಾಕಿಸಿಕೊಂಡಿದ್ದ ಚೇಳಿನ ಹಚ್ಚೆ ಮಾತ್ರ. "ಗುಟ್ಟಿ ಕುಡಸೂವಾಗ ನನ್ ಕಣ್ಮುಂದ ಆ ಚೇಳು ಬರ್ತಿತ್ತು ನೋಡು," ಅನ್ನುತ್ತಾಳೆ.

ಲಿಂಗಸುಗೂರಿನ 'ಕೈ ಛಾಪ ಕೂಸಿನ ಗುಟ್ಟಿ' ನಮ್ಮ ಕಡೆ ಗೊತ್ತಿಲ್ಲದವರಿಲ್ಲ. ಹಳದಿ ಡಬ್ಬಿ, ಮೇಲೆ ಎತ್ತಿದ ಬಲಗೈ, ಮಣಿಕಟ್ಟಿನಲ್ಲಿ ರುದ್ರಾಕ್ಷಿ ಸರ. ಎಲೆಕ್ಷನ್ ಬಂದಾಗೊಮ್ಮೆ ಅಧಿಕಾರಿಗಳು ಬಂದು ಅಂಗಡಿಯ ಬೋರ್ಡಿನ ಕೈಗೆ ಬಟ್ಟೆ ಹೊದಿಸಿ ಹೋಗುತ್ತಾರೆ, ಜನ ಅದನ್ನು ನೋಡಿ ನಗುತ್ತಾರೆ. ಆ ಕೈ ಅಂಗಡಿಯ ಮೂಲಪುರುಷ ಸೂಗಪ್ಪನವರ ಅಭಯಹಸ್ತ ಎಂದು ಡಬ್ಬಿಯ ಮೇಲೆಯೇ ಅಚ್ಚಾಗಿದೆ.

ನನ್ನಪ್ಪ ಅಂಬಪ್ಪ ಕೂಸಾಗಿದ್ದಾಗ ಆಯಿ ಒಮ್ಮೆ ಆ ಅಂಗಡಿಗೆ ಹೋಗಿದ್ದಳು. ಕೇರಿಯ ಹಿರಿಯರಿಂದ ಕೇಳಿ ತಿಳಿದಿದ್ದವಳು ಡಬ್ಬಿ ಕೈಗೆ ಬಂದ ಖುಷಿಯಲ್ಲಿ, "ಈ ಕೈ ನಮ್ಮವ್ವಂದು, ಈ ಗುಟ್ಟಿನೂ ನಮ್ಮವ್ವಂದು," ಎಂದುಬಿಟ್ಟಳು. ಹಣದ ಗಲ್ಲೆಯ ಮೇಲಿದ್ದವರು ಸೂಗಪ್ಪನವರ ಮಗ, ಹುಲಿಗೆವ್ವನ ಕೈಯಲ್ಲೇ ಹುಟ್ಟಿದವರು ಎನ್ನುತ್ತಾಳೆ ಆಯಿ. ಅವರು ಅವಳ ಕೈಯಿಂದ ಡಬ್ಬಿ ಕಸಿದುಕೊಂಡು, "ನಿಮ್ಮವ್ವನ ಕೈ ಅಂತ ಗೊತ್ತಾದ್ರ ಇದನ್ನ ಯಾರು ತಮ್ಮ ಕೂಸಿನ ಬಾಯಾಗ ಹಾಕ್ತಾರಬೇ?" ಅಂದರಂತೆ. ಗಿರಾಕಿಗಳೆಲ್ಲ ನಕ್ಕರು. ಆವತ್ತಿನಿಂದ ನಮ್ಮ ಮನೆಗೆ ಆ ಡಬ್ಬಿ ಬರಲಿಲ್ಲ. ಆಯಿ ಮಾತ್ರ ತನ್ನ ಮಾತು ಬಿಡಲಿಲ್ಲ. ನೆರೆಹೊರೆಯವರು ಅವಳನ್ನು ಮಾತಾಡಿಸುವಾಗಲೆಲ್ಲ, "ಏನಬೇ, ನಿಮ್ಮವ್ವನ ಕೈ ಆರಾಮ ಐತಾ?" ಎಂದು ಕಿಚಾಯಿಸುತ್ತಿದ್ದರು. ನಿಜ ಹೇಳಬೇಕೆಂದರೆ ನಾನೂ ಪೂರ್ತಿ ನಂಬಿರಲಿಲ್ಲ.

ಈಗ ನನ್ನ ಕೆಲಸದ ವಿಷಯ. ಸಿಂಧನೂರಿನಲ್ಲಿ ಒಂದು ಅಕ್ಕಿ ಗಿರಣಿಯ ಮೇಲಿನ ಕೋಣೆಯಲ್ಲಿ ನಾವು ಮೂವರು ಕೂತು ಹಳೆಯ ಕಾಗದಗಳನ್ನು ಕಂಪ್ಯೂಟರಿಗೆ ಏರಿಸುತ್ತೇವೆ. ನಿಜಾಮರ ಕಾಲದ ವ್ಯಾಪಾರದ ಛಾಪಗಳು, ಮನೆತನಗಳ ಫೋಟೋಗಳು. ಯಾರು ಬೇಕಾದರೂ ಮೊಬೈಲಿನಲ್ಲಿ ತೆರೆದು ನೋಡಬಹುದಾದ ಸಂಗ್ರಹ ಅದು. ಪ್ರತಿ ಚಿತ್ರದ ಕೆಳಗೆ ವಿವರ ಬರೆಯುವುದು, ಕಾಗದ ಯಾವ ಸ್ಥಿತಿಯಲ್ಲಿದೆ ಎಂದು ಇನ್ನೊಂದು ಖಾನೆಯಲ್ಲಿ ತುಂಬುವುದು ನನ್ನ ಪಾಲಿನ ಕೆಲಸ. ಕೆಲಸ ನನಗೆ ಇಷ್ಟ. ಗಿಳಿ ಛಾಪ ತಲೆಎಣ್ಣೆ, ಗಡಿಯಾರ ಛಾಪ ಬೀಡಿ, ರೈಲನ್ನೇ ಕಾಣದ ಊರಿನವನು ಮಾಡಿಸಿದ ರೈಲು ಛಾಪ ಸಾಬೂನು. ಆ ರೈಲಿಗೆ ಚಿತ್ರಗಾರ ಎತ್ತಿನ ಗಾಡಿಯ ಗಾಲಿ ಬರೆದಿದ್ದ.

ಕೋಣೆಯೂ ಕೆಳಗಿನ ಗಿರಣಿಯೂ ಬಸವಲಿಂಗ ಅವರದು. ಸೂಗಪ್ಪನವರ ಮೊಮ್ಮಗ, ಕೈ ಛಾಪದ ಈಗಿನ ಯಜಮಾನ. ಬಾಡಿಗೆ ಕೇಳದೆ ಕೋಣೆ ಬಿಟ್ಟುಕೊಟ್ಟಿದ್ದರು, ತಮ್ಮ ಮನೆಯ ಫೋಟೋಗಳನ್ನೂ ಕೊಟ್ಟಿದ್ದರು. ಅದರಲ್ಲಿ ಸೂಗಪ್ಪನವರು ಕುರ್ಚಿಯ ಮೇಲೆ ಕೂತ ಫೋಟೋ ಒಂದು. ಅದರ ಕೆಳಗೆ 'ಅಭಯಹಸ್ತದ ಸೂಗಪ್ಪನವರು' ಎಂದು ವಿವರ ಬರೆದವಳು ನಾನೇ. ಬರೆಯಬೇಡ ಎಂದು ಒಳಗಿನಿಂದ ಏನೋ ಅಂದಿತು, ಆದರೂ ಬರೆದೆ. ಸ್ಥಿತಿಯ ಖಾನೆಯಲ್ಲಿ 'ಬಲ ಅಂಚಿನಲ್ಲಿ ಕಲೆ' ಎಂದೂ ತುಂಬಿದೆ. ಇದು ನಾಚಿಕೆಯ ಮಾತು, ಆದರೆ ಮುಚ್ಚಿಡುವುದಿಲ್ಲ.

ಕಳೆದ ಜನವರಿಯಲ್ಲಿ ಹೈದರಾಬಾದಿನಿಂದ ಉರ್ದು ಕಡತಗಳ ಒಂದು ಗಂಟು ಬಂತು. ಛಾಪ ನೋಂದಾಯಿಸಲು ವ್ಯಾಪಾರಿಗಳು ಕೊಟ್ಟ ಅರ್ಜಿಗಳು. ನನಗೆ ಉರ್ದು ಬರುವುದಿಲ್ಲ, ಚಿತ್ರ ನೋಡಿ ಬೇರ್ಪಡಿಸುತ್ತಿದ್ದೆ. ಮಧ್ಯಾಹ್ನ ಕರೆಂಟು ಹೋಗಿ ಬಂದ ಮೇಲೆ ಸ್ಕ್ಯಾನರಿನಲ್ಲಿ ಇಟ್ಟ ಮೊದಲ ಹಾಳೆಯಲ್ಲೇ ಒಂದು ಹಳದಿ ಚೀಟಿ ಅಂಟಿಸಿತ್ತು. ಎತ್ತಿದ ಕೈ. ಎಡಗೈ. ರುದ್ರಾಕ್ಷಿ ಇರಬೇಕಾದ ಜಾಗದಲ್ಲಿ ಒಂದು ಚೇಳು.

ನನ್ನ ಎಡಗೈಯನ್ನು ಎತ್ತಿ ಪರದೆಯ ಪಕ್ಕದಲ್ಲಿ ಹಿಡಿದೆ. ಹೆಬ್ಬೆರಳಿಗೆ ಹೆಬ್ಬೆರಳು ಕೂಡಿತು.

ಕಡತದ ಕೊನೆಗೆ ತುಕ್ಕುಹಿಡಿದ ಗುಂಡುಸೂಜಿಯಲ್ಲಿ ಒಂದು ಫೋಟೋ ಸಿಕ್ಕಿಸಿದ್ದರು. ಸೂಗಪ್ಪನವರು, ಅದೇ ಕುರ್ಚಿ, ಅದೇ ರುಮಾಲು. ಆದರೆ ಫೋಟೋ ಅಲ್ಲಿಗೆ ಮುಗಿದಿರಲಿಲ್ಲ. ಹಿಂದೆ ಅಂಗಡಿಯ ಬೋರ್ಡು, ಪಕ್ಕದಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಎತ್ತಿ ಕಟ್ಟಿದ ಸೀರೆ, ಬರಿಗಾಲು, ಬಲಗಂಕುಳಲ್ಲಿ ಒಂದು ಕೂಸು. ಎಡಗೈ ಎತ್ತಿ ಕ್ಯಾಮೆರಾಕ್ಕೆ ಹಿಡಿದಿದ್ದಳು, ಮಣಿಕಟ್ಟಿನಲ್ಲಿ ಚೇಳು. ನಗುತ್ತಿರಲಿಲ್ಲ, ಹೆದರಿರಲೂ ಇಲ್ಲ. ಬಸವಲಿಂಗ ಅವರ ಮನೆಯಲ್ಲಿರುವುದು ಇದೇ ಫೋಟೋ, ಅವಳನ್ನು ಕತ್ತರಿಸಿ ತೆಗೆದದ್ದು. ನಾನು ಕಲೆ ಎಂದು ಬರೆದದ್ದು ಆ ಕೂಸಿನ ಪಾದ. ನನ್ನ ಆಯಿಯ ಪಾದವನ್ನು ನಾನು ಕಲೆ ಎಂದು ಬರೆದಿದ್ದೆ. ಪರದೆಯ ಮುಂದೆ ಕೂತು ಅತ್ತೆ, ಆಮೇಲೆ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಮರುದಿನ ರಜೆ ಹಾಕಿ ಅರ್ಜಿಯ ಪ್ರತಿಗಳೊಂದಿಗೆ ಮುದಗಲ್ ಬಸ್ಸು ಹತ್ತಿದೆ. ಅಲ್ಲಿ ಕರೀಮಾಬಿ ಟೀಚರ್ ಇದ್ದಾರೆ, ಉರ್ದು ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿದವರು, ಹಳೆಯ ಕೈಬರಹ ಓದುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಕನ್ನಡಕ ಹಣೆಗೇರಿಸಿ ಹಾಳೆಯನ್ನು ಮೂಗಿನ ಹತ್ತಿರ ತಂದುಕೊಂಡರು.

"ಫಸಲಿ ಸಾವಿರದ ಮುನ್ನೂರಾ ಐವತ್ನಾಕು. ಅಂದ್ರ ನಲವತ್ನಾಕನೇ ಇಸ್ವಿ ಸುಮಾರು. ಅರ್ಜಿದಾರ, ಸೂಗಪ್ಪ. ಛಾಪದಾಗ ಜೀವಂತ ಮನುಷ್ಯಾರ ಅಂಗ ಇದ್ರ ಅವರ ರಜಾಮಂದಿ, ಅಂದ್ರ ಒಪ್ಪಿಗಿ, ಬೇಕು ಅಂತ ದಫ್ತರದಾವ್ರು ಕೇಳ್ಯಾರ, ಅದಕ್ಕ ಈ ಎರಡನೇ ಹಾಳಿ. 'ಕೈ ಯಾರದು?' ಅಂತ ಐತಿ. 'ಮುಸಮ್ಮಾತ್ ಹುಲಿಗೆವ್ವ, ದಾಯಿ, ಸಾಕಿನ್ ಮಸ್ಕಿ.' ದಾಯಿ ಅಂದ್ರ ಸೂಲಗಿತ್ತಿ, ಬೇಟಿ. ಸಾಕಿನ್ ಅಂದ್ರ ಇರೂ ಊರು. 'ಔಷಧದ ನುಸ್ಖಾನೂ ಇವಳದೇ.' ನುಸ್ಖಾ ಅಂದ್ರ ಮಾಡೂ ವಿಧಾನ."

"ಇನ್ನೊಮ್ಮೆ ಓದ್ರೀ ಟೀಚರ್."

ಅವರು ಓದಿದರು. ಮೂರು ಸಲ ಓದಿಸಿದೆ. ಆಮೇಲೆ ಅವರು ಹಾಳೆಯ ಕೆಳಭಾಗವನ್ನು ನೋಡಿ ನಗತೊಡಗಿದರು. ಹೆಬ್ಬೆಟ್ಟು ಒತ್ತುವ ಸಣ್ಣ ಚೌಕದ ಮೇಲೆ, ಚೌಕವನ್ನೂ ಸುತ್ತಲ ಬರಹವನ್ನೂ ಮುಚ್ಚಿಕೊಂಡು, ಕಪ್ಪು ಮಸಿಯಲ್ಲಿ ಇಡೀ ಹಸ್ತ ಬಿದ್ದಿತ್ತು.

"ಗುಮಾಸ್ತ ಬದಿಗೆ ಷರಾ ಹಾಕ್ಯಾನ, ಕೇಳು. 'ಅಂಗೂಠಾ ಒತ್ತು ಅಂತ ಹೇಳಲಾಗಿ, ಈ ಹೆಂಗಸು ಪೂರಾ ಪಂಜಾ ಒತ್ತಿದಳು. ಯಾಕೆಂದು ಕೇಳಲಾಗಿ, ಬರೇ ಹೆಬ್ಬೆರಳಿಂದ ನಾ ಯಾವ ಕೂಸನ್ನೂ ಹೊರಗ ತಂದಿಲ್ಲ ಅಂದಳು. ಕಾಗದ ಕೆಟ್ಟಿದೆ, ಬೇರೆ ಕಾಗದಕ್ಕೆ ಒಪ್ಪಲಿಲ್ಲ.'" ಕರೀಮಾಬಿ ಕಣ್ಣೊರೆಸಿಕೊಂಡರು. "ಯಾ ಅಲ್ಲಾ, ಎಂಥಾ ಹೆಂಗಸವಾ ನಿಮ್ಮಾಕಿ! ದಫ್ತರದಾವ್ರ ಮುಂದ ನಿಂತು ಅಂದಾಳ ನೋಡು!"

ಬಾಣಂತಿ ಕೋಣೆಯ ಗೋಡೆಗೆ ಒತ್ತಿ ರೂಢಿಯಾದ ಕೈ ಅದು. ಸಹಿ ಅಂದರೆ ಅವಳಿಗೆ ಗೊತ್ತಿದ್ದದ್ದು ಅದೊಂದೇ.

ಆವತ್ತೇ ಸಂಜೆಗೆ ಸಿಂಧನೂರಿಗೆ ಬಂದು ಫೋಟೋವನ್ನೂ ಅರ್ಜಿಯನ್ನೂ ಸಂಗ್ರಹಕ್ಕೆ ಏರಿಸಿದೆ. ವಿವರ ಹೀಗೆ ಬರೆದೆ: 'ಸೂಲಗಿತ್ತಿ ಹುಲಿಗೆವ್ವ, ಮಸ್ಕಿ. ಛಾಪದ ಕೈ ಇವಳದು, ಗುಟ್ಟಿಯೂ ಇವಳದು. ಕಂಕುಳಲ್ಲಿ ಮಗಳು ಅಮರಮ್ಮ. ಪಕ್ಕದಲ್ಲಿ ಕೂತವರು ವ್ಯಾಪಾರಿ ಸೂಗಪ್ಪ.' ಹಳೆಯ ಫೋಟೋದ ಕೆಳಗೆ ನಾನು ಬರೆದಿದ್ದ ಸುಳ್ಳನ್ನು ಅಳಿಸಿದೆ.

ಎರಡೇ ದಿನದಲ್ಲಿ ನಮ್ಮ ಕೇಂದ್ರದ ಮೇಲ್ವಿಚಾರಕ ಪಂಪಾಪತಿ ಸರ್ ಕರೆಸಿದರು. ಎದುರಿಗೆ ಬಸವಲಿಂಗ ಅವರೂ ಕೂತಿದ್ದರು. ಕೈ ಛಾಪಕ್ಕೆ ಎಂಬತ್ತು ವರ್ಷ ತುಂಬಿದ್ದಕ್ಕೆ ಬರುವ ಭಾನುವಾರ ಲಿಂಗಸುಗೂರಿನಲ್ಲಿ ಸಮಾರಂಭ, ಅಲ್ಲಿ ನಮ್ಮ ಸಂಗ್ರಹದ ಪುಟವನ್ನೇ ದೊಡ್ಡ ಪರದೆಯ ಮೇಲೆ ತೋರಿಸುವುದಿತ್ತು.

"ಫೋಟೋ ತಿರುಗಾಮುರುಗಾ ತೊಳದಿರಬೇಕು ದೀಪಾ. ಬಲಗೈ ಎಡಗೈಯಾಗಿ ಕಂಡಿರತೈತಿ," ಅಂದರು ಪಂಪಾಪತಿ ಸರ್.

"ಹಿಂದಿನ ಬೋರ್ಡಿನ ಅಕ್ಷರ ನೆಟ್ಟಗ ಅದಾವಲ್ರೀ ಸರ್. ಕೈ ಒಂದೇ ತಿರುಗತೈತೇನ್ರೀ?"

ಬಸವಲಿಂಗ ಕೂಗಾಡುವ ಮನುಷ್ಯನಲ್ಲ. ಮೆತ್ತಗೆ ಮಾತಾಡಿದರು. "ನೋಡವಾ, ನಿಮ್ಮ ಹಿರ್ಯಾರ ಬಗ್ಗೆ ನನಗ ಗೌರವ ಐತಿ. ಫೋಟೋ ತಗೀ ಅನ್ನಾಂಗಿಲ್ಲ. ಹೆಸರೊಂದು ಬ್ಯಾಡ. 'ಅಪರಿಚಿತ ಮಹಿಳೆ' ಅಂತ ಬರದುಬಿಡು. ಇದು ಕೂಸಿನ ಬಾಯಿಗೆ ಹಾಕೂ ಮಾಲು. ಜನ ಹ್ಯಾಂಗ ಅದಾರ ಅಂತ ನಿನಗ ನಾ ಹೇಳಬೇಕಾ?"

ಐವತ್ತೆಂಟು ವರ್ಷದ ಹಿಂದೆ ಅವರಪ್ಪ ಆಡಿದ ಮಾತೇ ಇದು. ತಾತ್ಸಾರದ 'ಬೇ' ಇದ್ದಲ್ಲಿ ಮೆತ್ತನೆಯ 'ಅವಾ' ಬಂದಿತ್ತು, ಅಷ್ಟೇ ಸುಧಾರಣೆ.

"ಅಪರಿಚಿತ ಹ್ಯಾಂಗ ಆಗ್ತಾಳ್ರೀ? ನಿಮ್ಮ ಮುತ್ಯಾನೇ ಆಕಿನ್ನ ಕರಕೊಂಡು ಹೋಗಿ ಹೆಸರು ಬರಸ್ಯಾರ. ನಿಮ್ಮಪ್ಪನ್ನ ಭೂಮಿಗಿ ತಂದಾಕಿ ಆಕಿ. ನಾ ಬದಲು ಮಾಡಾಂಗಿಲ್ಲ."

"ಸಮಾರಂಭ ಮುಗಿಯೂತನಕ ಪುಟ ಮುಚ್ಚಿಡು, ಆಮ್ಯಾಲ ನೋಡೂಣು," ಪಂಪಾಪತಿ ಸರ್ ಬೇಡಿಕೊಳ್ಳುವ ದನಿಯಲ್ಲಿ ಅಂದರು. "ಏಪ್ರಿಲ್‌ದಾಗ ನಿನ್ನ ಕಾಂಟ್ರ್ಯಾಕ್ಟ್ ಮುಂದುವರಸಬೇಕು. ಈ ಖೋಲಿ ಹೋದ್ರ ನಾವೆಲ್ಲಾರೂ ಬೀದಿಗಿ ಬರ್ತೀವಿ."

"ಮುಚ್ಚೂದಾದ್ರ ನೀವ ಮುಚ್ಚರಿ ಸರ್. ನನ್ನ ಕೈಲೆ ಆಗಾಂಗಿಲ್ಲ," ಎಂದು ಎದ್ದು ಬಂದೆ. ಹೊರಗೆ ಬಂದವಳೇ ಫೋಟೋವನ್ನು ಒಂದು ಸ್ಟುಡಿಯೋದಲ್ಲಿ ದೊಡ್ಡದಾಗಿ ಹಾಕಿಸಿಕೊಂಡೆ. ಸಂಜೆಯ ಹೊತ್ತಿಗೆ ಸರ್ ಪುಟ ಮುಚ್ಚಿದ್ದರು.

ಶನಿವಾರ ಮಸ್ಕಿಗೆ ಹೋದೆ. ಆಯಿ ಅಂಗಳದಲ್ಲಿ ಅಕ್ಕಿ ಆರಿಸುತ್ತಿದ್ದಳು. ಮೊರದ ಮೇಲೆ ಫೋಟೋ ಇಟ್ಟೆ. ಅಕ್ಕಿಯ ಮೇಲೆ ಫೋಟೋ, ಫೋಟೋದ ಮೇಲೆ ಅವಳ ಕಣ್ಣು. ಮೊದಲು ಚೇಳನ್ನು ಬೆರಳಿನಿಂದ ಮುಟ್ಟಿದಳು. ಆಮೇಲೆ ಮುಖ.

"ಇಷ್ಟ ಸಣ್ಣಾಕಿ ಇದ್ಲಾ ನಮ್ಮವ್ವ?" ಅಂದಳು. "ನನ್ ಮೊಮ್ಮಗಳ ವಯಸ್ಸು ಐತೆಲ್ಲಬೇ ಈಕಿದು."

ಎಂಬತ್ತೆರಡು ವರ್ಷದ ಆಯಿ ತನ್ನ ತಾಯಿಯ ಮುಖವನ್ನು ಅಂಗೈಯಿಂದ ಸವರಿ, ಮೊದಲು ಅತ್ತಳು, ಆಮೇಲೆ ಕರೀಮಾಬಿ ಓದಿದ ಗುಮಾಸ್ತನ ಷರಾ ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಪುಟ ಮುಚ್ಚಿದ ಸುದ್ದಿ ಹೇಳಿದಾಗ ನಗು ನಿಂತಿತು.

"ನಾಳೆ ಲಿಂಗಸುಗೂರಿಗಿ ಎಷ್ಟೊತ್ತಿಗಿ ಬಸ್ಸೈತಿ?"

ಬೆಳಿಗ್ಗೆ ಅವಳು ಬುದ್ಧನ ಮುಂದೆ ಮೇಣದಬತ್ತಿ ಹಚ್ಚಿ, ಒಳ್ಳೆಯ ಇಳಕಲ್ ಸೀರೆ ಉಟ್ಟು, ಕೈಯಲ್ಲೊಂದು ಮುಚ್ಚಳದ ಸ್ಟೀಲ್ ಡಬ್ಬಿ ಹಿಡಿದು ಹೊರಟಳು. ಬುತ್ತಿ ಇರಬೇಕು ಎಂದುಕೊಂಡೆ. ಕೇಳಿದರೆ, "ಸುಮ್ನ ಕುಂದ್ರು," ಅಂದಳು.

ಸಮಾರಂಭದ ಹಾಲ್ ತುಂಬಿತ್ತು. ವೇದಿಕೆಯ ಹಿಂದೆ ಬಿಳಿ ಬಟ್ಟೆಯ ದೊಡ್ಡ ಪರದೆ, ಅದರ ಮೇಲೆ ರುದ್ರಾಕ್ಷಿಯ ಬಲಗೈ. ಬಸವಲಿಂಗ ಅವರ ಮಗಳು ಶಿವಗಂಗಾ ತುಂಬು ಬಸುರಿ, ವೇದಿಕೆಯ ಒಂದು ಬದಿಗೆ ಕುಳಿತಿದ್ದಳು. ಪಕ್ಕದಲ್ಲಿ ಬಸವಲಿಂಗ ಅವರ ತಾಯಿ ಕಸ್ತೂರೆಮ್ಮ. ಬಸವಲಿಂಗ ಮೈಕಿನ ಮುಂದೆ, "ಈ ಹಸ್ತ ನಮ್ಮ ಮುತ್ಯಾರ..." ಎನ್ನುತ್ತಿದ್ದರು.

ಆಯಿ ಮಧ್ಯದ ದಾರಿಯಲ್ಲಿ ನಡೆದುಹೋದಳು. ಯಾರೋ ಹಿರಿಯರು ಹಾರೈಸಲು ಬಂದಿದ್ದಾರೆ ಎಂದು ಜನ ದಾರಿ ಬಿಟ್ಟರು. ವೇದಿಕೆ ಹತ್ತಲು ಒಬ್ಬರು ಕೈಯನ್ನೂ ಕೊಟ್ಟರು. ಪರದೆಯ ಮುಂದೆ ನಿಂತು ಅವಳು ಡಬ್ಬಿಯ ಮುಚ್ಚಳ ತೆಗೆದಾಗ ನನಗೆ ತಿಳಿಯಿತು. ಕೆಮ್ಮಣ್ಣಿನ ರಾಡಿ. ಎಡಗೈ ಮಣಿಕಟ್ಟಿನವರೆಗೆ ಅದ್ದಿ, ಆ ಬಲಗೈ ಚಿತ್ರದ ಸರಿಯಾಗಿ ನಡುವೆ ಒತ್ತಿದಳು.

ಆಯಿ ಮೈಕಿನತ್ತ ಹೋಗಲಿಲ್ಲ, ಅವಳ ದನಿಗೆ ಮೈಕು ಬೇಕಿರಲಿಲ್ಲ.

"ನಾ ಮಸ್ಕಿ ಹುಲಿಗೆವ್ವನ ಮಗಳು. ಈ ಕೈ ನಮ್ಮವ್ವಂದು. ಐವತ್ತೆಂಟು ವರ್ಷದ ಹಿಂದ ನಿಮ್ಮ ಅಂಗಡ್ಯಾಗ ಹೇಳಿದ್ದೆ, ನಕ್ಕಿದ್ರಿ. ಈಗ ನಗ್ರಿ ನೋಡೂಣು!"

ನಾನು ವೇದಿಕೆಯ ಕೆಳಗೆ ನಿಂತು ಫೋಟೋವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೆ. ಮುಂದಿನ ಸಾಲಿನವರು ಬಗ್ಗಿ ನೋಡತೊಡಗಿದರು. ಬಸವಲಿಂಗ ಅವರ ಮುಖ ಕೆಂಪಾಗಿತ್ತು. "ಯೂನುಸ್, ಅದನ್ನ ಒರಸು ಮೊದಲ," ಎಂದು ಪಂದಾಲಿನವನಿಗೆ ಕೂಗಿದರು. ಯೂನುಸ್ ಒದ್ದೆ ಬಟ್ಟೆ ತಂದ. ಪರದೆಯ ಹತ್ತಿರ ಹೋಗಿ ಹಸ್ತ ನೋಡಿದ, ಶಿವಗಂಗಾಳ ಹೊಟ್ಟೆ ನೋಡಿದ, ಅಲ್ಲೇ ನಿಂತುಬಿಟ್ಟ.

"ನನ್ನ ಕೈಲೆ ಆಗಾಂಗಿಲ್ರೀ ಸಾವಕಾರ್. ಇದು ಸೂಲಗಿತ್ತಿ ಕೈ."

ಬಸವಲಿಂಗ ತಾವೇ ಬಟ್ಟೆ ಕಸಿದುಕೊಂಡರು. ಆಗ ಕಸ್ತೂರೆಮ್ಮ ಕುರ್ಚಿ ಹಿಡಿದು ಎದ್ದರು.

"ಬಸವಲಿಂಗಾ! ಮುಟ್ಟಬ್ಯಾಡ ಅದನ್ನ." ದನಿ ಒಡೆದಿತ್ತು. "ನಾ ಸೊಸಿಯಾಗಿ ಬಂದಾಗ ನಿಮ್ಮಪ್ಪ ಹುಟ್ಟಿದ ಖೋಲ್ಯಾಗ ಇಂಥಾ ಕೈ ಇನ್ನೂ ಗೋಡಿ ಮ್ಯಾಲಿತ್ತು. ನಮ್ಮತ್ತಿ ಸುಣ್ಣ ಸೈತ ಬಳೀಗೊಟ್ಟಿರಲಿಲ್ಲ. ಯಾರ ಕೈ ಅಂತ ನಮಗೆಲ್ಲಾ ಗೊತ್ತಿತ್ತು. ಗೊತ್ತಿದ್ದ ಸುಮ್ನಿದ್ವಿ. ಮನ್ಯಾಗ ಬಸುರಿ ಹೆಂಗಸು ಐತಿ, ಒರಸಿದ್ರ ನನ್ನ ಹೆಣ ನೋಡ್ತಿ."

ಶಿವಗಂಗಾ ಎದ್ದು ಬಂದು ಅಪ್ಪನ ಕೈಯಿಂದ ಬಟ್ಟೆ ತೆಗೆದುಕೊಂಡಳು. ಆಯಿಗೆ ತಾನು ಕೂತಿದ್ದ ಕುರ್ಚಿ ಎಳೆದು ಕೊಟ್ಟಳು. ಆಯಿ ಕೂರಲಿಲ್ಲ. "ನೀ ಕುಂದ್ರವಾ, ನಿನಗ ಬೇಕು ಅದು," ಎಂದು ಅವಳನ್ನೇ ಕೂರಿಸಿ ಕೆಳಗಿಳಿದು ಬಂದಳು.

ಆ ಪರದೆಯ ಕೆಳಗೇ ಸಮಾರಂಭ ಸಂಜೆಯವರೆಗೂ ನಡೆಯಿತು. ಬಂದವರೆಲ್ಲ ಭಾಷಣ ಬಿಟ್ಟು ಆ ಕೆಂಪು ಹಸ್ತವನ್ನೇ ಮೊಬೈಲಿನಲ್ಲಿ ಹಿಡಿದುಕೊಂಡರು. ಅಭಯಹಸ್ತ ಎಂಬ ಮಾತು ಮತ್ತೆ ಯಾರ ಬಾಯಿಂದಲೂ ಬರಲಿಲ್ಲ.

ಸೋಮವಾರ ಪಂಪಾಪತಿ ಸರ್ ಫೋನ್ ಮಾಡಿ, ತಿಂಗಳಾಖೇರಿಗೆ ನನ್ನ ಕೆಲಸ ಮುಗಿಯುತ್ತದೆ ಎಂದರು. ಆಗಲಿ ಸರ್ ಅಂದೆ. ಅಲ್ಲಿಯವರೆಗೆ ಕಂಪ್ಯೂಟರಿನ ಕೀಲಿಪದ ನನ್ನ ಹತ್ತಿರವೇ ಇತ್ತಲ್ಲ. ಮುಚ್ಚಿದ್ದ ಪುಟ ತೆರೆದೆ. ಹುಲಿಗೆವ್ವನ ಫೋಟೋದ ಪಕ್ಕದಲ್ಲಿ ಭಾನುವಾರದ ಫೋಟೋ ಏರಿಸಿದೆ: ಬಿಳಿ ಪರದೆ, ಅದರ ಮೇಲೆ ಆಯಿಯ ಕೈ. ವಿವರದಲ್ಲಿ ತಾಯಿ ಮಗಳಿಬ್ಬರ ಹೆಸರನ್ನೂ ಬರೆದೆ.

ಉಳಿದದ್ದು ಸ್ಥಿತಿಯ ಖಾನೆ. ಅದರಲ್ಲಿ ಎಡಗೈಯ ಬೆರಳುಗಳಿಂದಲೇ, ಒಂದೊಂದಾಗಿ ಒತ್ತಿ ತುಂಬಿದೆ: 'ನಡುವೆ ಹಸ್ತದ ಗುರುತು ಇದೆ. ಒರೆಸಬಾರದು.'